ಹಲ್ ಮಾಡೆಲ್ ಬಗ್ಗೆ ತಮ್ಮನಿಗೊಂದು ಪತ್ರ

ರೋಟರ್‌ಡ್ಯಾಮ್

ಚಿ. ಕಿರಣನಿಗೆ ಅಕ್ಕನ ಆಶೀರ್ವಾದಗಳು.

ನಾನಿಲ್ಲಿ ಕ್ಷೇಮ. ಅಲ್ಲಿ ಅಪ್ಪ, ಅಮ್ಮ, ಅಜ್ಜಿ ಎಲ್ಲರೂ ಆರಾಮಾಗಿದ್ದಾರೆಂದು ನಂಬಿದ್ದೇನೆ. ನೀನು ಕಳಿಸಿದ ದೋಣಿಯ ರೈನೋ (3ಡಿ ವಿನ್ಯಾಸದ ಸಾಫ್ಟ್‌ವೇರ್) ಫೈಲ್ ತೆರೆದು ನೋಡಿದೆ. ಹಲ್‌ನ, ಅಂದರೆ ದೋಣಿಯ ಒಡಲಿನ, ಮೈ ಅಲ್ಲಲ್ಲಿ ಉಬ್ಬಿರುವುದಕ್ಕೆ ಕಾರಣ ಒಂದೇ: ಗೆರೆಯನ್ನು ಎಳೆದು ಬಾಗಿಸುವ ಕಂಟ್ರೋಲ್ ಪಾಯಿಂಟ್‌ಗಳು ಅತಿಯಾಗಿವೆ. ಆಫ್‌ಸೆಟ್ ಟೇಬಲಿನ (ಹಲ್‌ನ ಅಗಲ, ಎತ್ತರಗಳ ಪಟ್ಟಿ) ಪ್ರತಿಯೊಂದು ಅಂಕಿಯ ಮೇಲೂ ಕರ್ವ್ ಹಾಯಲೇಬೇಕೆಂದು ಹಠ ಹಿಡಿದಿದ್ದೀಯ.

ಮೊದಲು ಆ ಟೇಬಲನ್ನು ಸರಿಯಾಗಿ ಓದಿಕೊಳ್ಳಬೇಕು. ಹಳೆಯ ನಕ್ಷೆಗಳಲ್ಲಿ 2-3-5 ಎಂದರೆ 2 ಅಡಿ, 3 ಇಂಚು, ಮತ್ತೆ ಇಂಚನ್ನು ಎಂಟು ಭಾಗ ಮಾಡಿದರೆ ಅದರಲ್ಲಿ ಐದು. ಒಟ್ಟು 27.625 ಇಂಚು, ಅಂದರೆ 701.7 ಮಿ.ಮೀ. ಅದನ್ನೇ 27.5 ಎಂದು ಬರೆದುಕೊಂಡರೆ ಅಲ್ಲೇ 3 ಮಿ.ಮೀ. ಹೋಯಿತು. ಇನ್ನೊಂದು ವಿಷಯ, ಇಂಥ ಟೇಬಲಿನಲ್ಲಿ ಅಳತೆ ಬರೆಯುವುದೇ ಎಂಟನೇ ಒಂದು ಇಂಚಿನ ಲೆಕ್ಕಕ್ಕೆ ಹೊಂದಿಸಿ. ಹಾಗಾಗಿ ಕರ್ವ್ ಒಂದು ಮಿ.ಮೀ. ಆಚೀಚೆ ಹೋದರೆ ಅದು ತಪ್ಪಲ್ಲ. ಗೆರೆ ನಯವಾಗಿ ಹರಿಯುವುದೇ ಮುಖ್ಯ. ಅಳತೆ ಹಲಗೆಯ ಒಳಮೈಯದೋ ಹೊರಮೈಯದೋ ಎಂಬುದನ್ನೂ ನಕ್ಷೆಯ ಟಿಪ್ಪಣಿಯಲ್ಲಿ ನೋಡಿಕೋ. 18 ಮಿ.ಮೀ. ಹಲಗೆಯಾದರೆ ಎರಡೂ ಬದಿ ಸೇರಿ ಅಗಲ ಕಡಿಮೆಯೆಂದರೂ 36 ಮಿ.ಮೀ. ತಪ್ಪುತ್ತದೆ.

ಹೊಸ ಫೈಲ್ ತೆರೆದು ಯೂನಿಟ್ ಮಿ.ಮೀ., ಟಾಲರೆನ್ಸ್ 0.01 ಇಟ್ಟುಕೋ. ಅರ್ಧ ದೋಣಿ ಮಾತ್ರ ಬರಿ, ಉಳಿದರ್ಧ ಕೊನೆಗೆ ಮಿರರ್ ಮಾಡಿದರಾಯಿತು. ಸ್ಟೇಷನ್, ಅಂದರೆ ದೋಣಿಯನ್ನು ಅಡ್ಡಲಾಗಿ ಸೀಳಿದಾಗ ಸಿಗುವ ಗೆರೆ. 0ರಿಂದ 10ರವರೆಗಿನ ಹನ್ನೊಂದನ್ನೂ ಲಾಫ್ಟ್‌ಗೆ (ಗೆರೆಗಳ ಮೇಲೆ ಸರ್ಫೇಸ್ ಹೊದಿಸುವ ಕಮಾಂಡ್) ಕೊಡಬೇಡ, ಐದು ಸಾಕು. ಮಿಕ್ಕವನ್ನು ಬೇರೆ ಲೇಯರಿನಲ್ಲಿ ಲಾಕ್ ಮಾಡಿ ಹೋಲಿಸಿ ನೋಡುವುದಕ್ಕೆ ಇಟ್ಟುಕೋ. ಐದನ್ನೂ ಡಿಗ್ರಿ 3, ಪಾಯಿಂಟ್ 6 ಎಂದು ರೀಬಿಲ್ಡ್ ಮಾಡು. ಒಂದರಲ್ಲಿ 6, ಇನ್ನೊಂದರಲ್ಲಿ 9 ಇದ್ದರೆ ಸರ್ಫೇಸ್‌ನಲ್ಲಿ ಬೇಡದ ಗೆರೆಗಳೆಲ್ಲ ತುಂಬಿಕೊಳ್ಳುತ್ತವೆ, ಆಮೇಲೆ ತಿದ್ದಲು ಬಗ್ಗುವುದಿಲ್ಲ. ಎಲ್ಲ ಕರ್ವ್‌ಗಳೂ ಕೀಲ್‌ನಿಂದ (ತಳದ ನಡುಗೆರೆ) ಶೀರ್ (ಹಲ್‌ನ ಮೇಲಂಚು) ಕಡೆಗೇ ಹೋಗಲಿ. ಒಂದು ಉಲ್ಟಾ ಇದ್ದರೂ ಹಲ್ ತಿರುಚಿಕೊಳ್ಳುತ್ತದೆ. ಲಾಫ್ಟ್‌ನಲ್ಲಿ 'ಲೂಸ್' ಆರಿಸಿಕೋ. ಆಗ ಸರ್ಫೇಸ್ ನಡುವಿನ ಸ್ಟೇಷನ್‌ಗಳ ಮೇಲೆ ನೇರವಾಗಿ ಕೂರುವುದಿಲ್ಲ, ಆದರೆ ನೀನು ಹಾಕಿದ ಪಾಯಿಂಟ್‌ಗಳೇ ಅದರ ಪಾಯಿಂಟ್‌ಗಳಾಗುತ್ತವೆ. ಆಮೇಲೆ ಅವನ್ನು ಎಳೆದು ಟೇಬಲಿಗೆ ಹೊಂದಿಸಬಹುದು.

ನಿನ್ನದು ದುಂಡು ತಳ. ಮಧ್ಯರೇಖೆಯ ಮೇಲಿನ ಪಾಯಿಂಟ್ ಯಾವ ಎತ್ತರದಲ್ಲಿದೆಯೋ ಅದರ ಪಕ್ಕದ್ದೂ ಅದೇ ಎತ್ತರದಲ್ಲಿರಬೇಕು, ಪ್ರತಿ ಸ್ಟೇಷನ್‌ನಲ್ಲೂ. ಸ್ವಲ್ಪ ಮೇಲಿದ್ದರೂ ಮಿರರ್ ಮಾಡಿದ ತಕ್ಷಣ ತಳದ ಉದ್ದಕ್ಕೂ ಒಂದು ಏಣು ಏಳುತ್ತದೆ. ನಿನ್ನ ಫೈಲಿನಲ್ಲಿ ಈಗ ಅದೇ ಆಗಿದೆ.

ಮೂತಿಯ ಹತ್ತಿರ ಎಲ್ಲ ಗೆರೆಗಳನ್ನೂ ಒಂದೇ ಬಿಂದುವಿಗೆ ಸೇರಿಸಿದ್ದೀಯ, ಸುಕ್ಕು ಬಂದಿರುವುದು ಅದಕ್ಕೇ. ಸರ್ಫೇಸಿಗೆ ನಾಲ್ಕು ಅಂಚುಗಳೂ ಇರಲಿ. ಅದನ್ನು ಸ್ಟೆಮ್ (ಮೂತಿಯ ಮುಂಗೆರೆ) ದಾಟಿ ಮುಂದಕ್ಕೂ, ಶೀರ್ ದಾಟಿ ಮೇಲಕ್ಕೂ ಬೆಳೆಸಿ, ಆಮೇಲೆ ಸ್ಟೆಮ್ ಮತ್ತು ಶೀರ್ ಗೆರೆಗಳಿಂದ ಟ್ರಿಮ್ ಮಾಡು.

ನಯ ಕಣ್ಣಿಗೆ ಕಾಣುವುದಿಲ್ಲ, ಶೇಡೆಡ್ ವ್ಯೂ ಎಲ್ಲವನ್ನೂ ಚೆಂದ ಮಾಡಿ ತೋರಿಸುತ್ತದೆ. ಹಲ್ ಅನ್ನು ನೀರಿನ ಮಟ್ಟಕ್ಕೆ ಸಮಾನಾಂತರವಾಗಿ ಸೀಳಿ ವಾಟರ್‌ಲೈನ್ ಗೆರೆಗಳನ್ನು ಪಡೆದು, ಅವುಗಳ ಮೇಲೆ ಕರ್ವೇಚರ್ ಗ್ರಾಫ್ (ಗೆರೆ ಎಲ್ಲೆಲ್ಲಿ ಎಷ್ಟು ಬಾಗಿದೆಯೆಂದು ತೋರಿಸುವುದು) ಹಾಕು. ಕೂದಲಿನಂಥ ಗೆರೆಗಳ ತುದಿ ನಿಧಾನವಾಗಿ ಏರಿ ಇಳಿಯಬೇಕು. ಮತ್ತೆ ಮತ್ತೆ ಏರಿಳಿದರೆ ಅಲ್ಲೊಂದು ಪಾಯಿಂಟ್ ಜಾಸ್ತಿಯಿದೆ, ಇಲ್ಲವೇ ಪಕ್ಕದವಕ್ಕೆ ಹೊಂದದೆ ನಿಂತಿದೆ. ಪಾಯಿಂಟನ್ನು ಪರ್ಸ್ಪೆಕ್ಟಿವ್ ವ್ಯೂನಲ್ಲಿ ಎಳೆಯಲೇಬೇಡ, ಅದು ಯಾವ ದಿಕ್ಕಿಗೆ ಹೋಯಿತೆಂದು ಗೊತ್ತೇ ಆಗುವುದಿಲ್ಲ.

ಪ್ಲೈವುಡ್ ದೋಣಿಯ ಬಗ್ಗೆಯೂ ಕೇಳಿದ್ದೀಯ. ಅದಕ್ಕೆ ಈ ದಾರಿ ಬೇಡ. ತಳ ಒಂದು ಸರ್ಫೇಸ್, ಬದಿ ಇನ್ನೊಂದು, ಅವೆರಡೂ ಸೇರುವ ಏಣೇ ಚೈನ್. ಪ್ಲೈವುಡ್ ಒಂದೇ ದಿಕ್ಕಿಗೆ ಬಾಗುವುದರಿಂದ ಡೆವ್‌ಲಾಫ್ಟ್ (ಚಪ್ಪಟೆಯಾಗಿ ಬಿಡಿಸಬಲ್ಲ ಸರ್ಫೇಸ್ ಮಾಡುವ ಕಮಾಂಡ್) ಬಳಸಿ, ಗಾಸಿಯನ್ ಕರ್ವೇಚರ್ (ಎರಡೂ ದಿಕ್ಕಿಗೆ ಬಾಗಿರುವುದರ ಅಳತೆ) ಎಲ್ಲ ಕಡೆಯೂ ಸೊನ್ನೆಯ ಹತ್ತಿರ ಇದೆಯೇ ನೋಡಿಕೊಂಡು ಅನ್‌ರೋಲ್ ಮಾಡು, ಅಂದರೆ ಚಪ್ಪಟೆಯಾಗಿ ಬಿಡಿಸು.

ಕೊನೆಗೆ ತೂಕದ ಲೆಕ್ಕ. ನೀರಿನಲ್ಲಿ ಉದ್ದ 6 ಮೀ., ಅಗಲ 2 ಮೀ., ಮುಳುಗುವ ಆಳ 0.3 ಮೀ., ಬ್ಲಾಕ್ ಕೋಎಫಿಷಿಯೆಂಟ್ (ಆ ಅಳತೆಯ ಪೆಟ್ಟಿಗೆಯಲ್ಲಿ ಹಲ್ ತುಂಬುವ ಪಾಲು) 0.4 ಆದರೆ ಮುಳುಗಿದ ಭಾಗದ ಗಾತ್ರ 1.44 ಘನ ಮೀಟರ್. ಸಮುದ್ರದ ನೀರಿಗೆ 1.025ರಿಂದ (ಘನ ಮೀಟರಿಗೆ ಇಷ್ಟು ಟನ್) ಗುಣಿಸಿದರೆ ಸುಮಾರು 1.476 ಟನ್, ಅಂದರೆ 1,476 ಕೆ.ಜಿ. ದೋಣಿ, ಎಂಜಿನ್, ಜನ, ಸಾಮಾನು ಎಲ್ಲ ಸೇರಿ ಇದಕ್ಕಿಂತ ಹೆಚ್ಚಾದರೆ ನೀನು ಗುರುತು ಹಾಕಿದ ವಾಟರ್‌ಲೈನ್‌ಗಿಂತ ಆಳಕ್ಕೆ ಇಳಿಯುತ್ತದೆ. ಬರೀ ತೂಕ ಸರಿಹೋದರೂ ಸಾಲದು, ಆ ಗಾತ್ರದ ಕೇಂದ್ರದ ನೇರಕ್ಕೇ ಒಟ್ಟು ತೂಕದ ಕೇಂದ್ರವೂ ಬರಬೇಕು. ಇಲ್ಲದಿದ್ದರೆ ಮೂತಿಯೋ ಹಿಂಬದಿಯೋ ತಗ್ಗುತ್ತದೆ.

ತಿದ್ದಿದ ಫೈಲನ್ನು ಕರ್ವೇಚರ್ ಗ್ರಾಫ್ ಹಾಕಿಯೇ ಕಳಿಸು. ಅಪ್ಪ, ಅಮ್ಮ, ಅಜ್ಜಿಗೆ ನನ್ನ ನಮಸ್ಕಾರ ತಿಳಿಸು.

ಇತಿ,
ನಿನ್ನ ಅಕ್ಕ