ಮಂಜನಿಗೆ, ಎಲ್ಲರೆದುರು

ಮಂಜಾ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ವಾಟ್ಸಾಪಿನಲ್ಲಿ ಬರೆದರೆ ನೀಲಿ ಗೆರೆ ಬಂದು ಕೂರುತ್ತದೆ, ಉತ್ತರ ಬರುವುದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ನಾಲ್ಕು ಜನ ನೋಡುತ್ತಿದ್ದಾರೆ ಅಂದರೆ ನಿನಗೆ ಸ್ವಲ್ಪ ಮರ್ಯಾದೆ ಬರುತ್ತದೆ, ಇದು ಹೈಸ್ಕೂಲಿನಿಂದಲೇ ಗೊತ್ತಿರುವ ವಿಷಯ. ಕುಮಟಾ ಬಸ್ ಸ್ಟ್ಯಾಂಡಿನ ಛತ್ರಿ ಸುದ್ದಿ ಎತ್ತುವುದಿಲ್ಲ, ಹೆದರಬೇಡ ಮಾರಾಯ.

ನೀನು ಶೆಡ್ಡಿಗೆ ಬೀಗ ಹಾಕಿದ್ದು ನನಗೆ ತಿಳಿದದ್ದು ಸಿರ್ಸಿಯಲ್ಲಿ, ಒಂದು ಮದುವೆ ಊಟದ ಪಂಕ್ತಿಯಲ್ಲಿ. ಪಾಯಸ ಆಗಿತ್ತು, ಹೋಳಿಗೆ ಇನ್ನೂ ಬಂದಿರಲಿಲ್ಲ. 'ಮಂಜ ಶೆಡ್ಡು ಮುಚ್ಚಿದ್ನಡ. ಹುಬ್ಬಳ್ಳಿಗೆ ಹೋಯ್ದ್ನಡ.' ಅಷ್ಟೇ. ಅಡಿಕೆ ಸುಲಿಯುವ ಮಶಿನ್ನಿನ ಹಿಂದೆ ನೀನು ಬಿದ್ದ ಅಷ್ಟೂ ವರ್ಷ ಎರಡು ಮಾತಿನಲ್ಲಿ ಮುಗಿಯಿತು. ಆಮೇಲೆ ಮಾತು ಚಾಲಿ ಅಡಿಕೆಯ ರೇಟಿನ ಕಡೆ ಹೋಯಿತು. ಈಗ ಎಸ್ಸೆಸ್ಸೆಲ್ಸಿ ಮಕ್ಕಳಿಗೂ ಒಂದಕ್ಕಿಂತ ಹೆಚ್ಚು ಅವಕಾಶ ಇದೆ. ಪಂಕ್ತಿಯಲ್ಲಿ ಒಂದೇ. ಅದರಲ್ಲೂ ಫಲಿತಾಂಶ ಹೋಳಿಗೆಗಿಂತ ಮೊದಲೇ ಬರುತ್ತದೆ.

ನನಗೆ ಸಿಟ್ಟು ಬಂದದ್ದು ಅವರು ಆಡಿದ ಮಾತಿಗಲ್ಲ. ಮುಂದಕ್ಕೆ ಯಾರೂ ಏನೂ ಕೇಳಲಿಲ್ಲವಲ್ಲ, ಅದಕ್ಕೆ.

ನಮ್ಮ ಪಾಲಿಟೆಕ್ನಿಕ್ಕಿನ ಲ್ಯಾಬಿಗೆ ನೀನು ಒಮ್ಮೆ ಬಂದಿದ್ದೆ. ಆ ಹಸಿರು ಮಶಿನ್ನಿನ ಮುಂದೆ ನಿಂತು 'ಇಷ್ಟು ಸಂಬಳ ತೆಗೆದುಕೊಂಡು ಮುರಿಯುವ ಕೆಲಸವಾ?' ಅಂದಿದ್ದೆ. ಹೌದು, ಮುರಿಯುವ ಕೆಲಸವೇ. ಕಬ್ಬಿಣದ ಸರಳನ್ನು ಎರಡೂ ಕಡೆ ಹಿಡಿದು ಎಳೆಯುತ್ತಾ ಹೋಗುತ್ತೇವೆ. ಒಂದು ಹಂತದವರೆಗೆ ಬಿಟ್ಟರೆ ಮೊದಲಿನ ಉದ್ದಕ್ಕೇ ವಾಪಸ್ ಬರುತ್ತದೆ. ಅದು ದಾಟಿದರೆ ಬರುವುದಿಲ್ಲ. ಕೊನೆಗೆ ಎಲ್ಲೋ ಒಂದು ಕಡೆ ಸೊಂಟ ಸಣ್ಣದಾಗುತ್ತದೆ, ಢಬ್ ಅಂತ ತುಂಡಾಗುತ್ತದೆ. ಆ ಸದ್ದಿಗೆ ಪಕ್ಕದ ಕ್ಲಾಸಿನ ಹುಡುಗರೂ ಓಡಿ ಬರುತ್ತಾರೆ. ಕಾಂಕ್ರೀಟಿನದ್ದೂ ಇದೇ ಕಥೆ. ಹದಿನೈದು ಸೆಂಟಿಮೀಟರಿನ ಕ್ಯೂಬು ಮಾಡಿ, 28 ದಿನ ನೀರಲ್ಲಿಟ್ಟು, ಆಮೇಲೆ ಒತ್ತಿ ಒಡೆಯುವುದು. ಎಂ20 ಅನ್ನುವ ದರ್ಜೆಯ ಕಾಂಕ್ರೀಟಾದರೆ ಸುಮಾರು 45 ಟನ್ ತಡೆಯಬೇಕು. ಒಡೆಯದೆ ನಮಗೆ ಅಂಕಿ ಸಿಗುವುದಿಲ್ಲ. ಒಡೆದ ಮೇಲೆ ಬರೆದುಕೊಳ್ಳುವುದು ಬಹಳ ಇದೆ: ಎಷ್ಟು ಭಾರಕ್ಕೆ, ಎಲ್ಲಿ, ಓರೆಯಾಗಿಯೋ ನೇರವೋ, ಒಳಗೆ ಜಲ್ಲಿ ಒಡೆದಿದೆಯೋ ಬರೀ ಸಿಮೆಂಟು ಬಿಟ್ಟಿದೆಯೋ. 'ಈ ಕ್ಯೂಬು ಮುಂಚಿಂದಲೂ ಹೀಗೇ, ಹೇಳಿದ ಮಾತು ಕೇಳುತ್ತಿರಲಿಲ್ಲ' ಅಂತ ಯಾವ ಹುಡುಗನೂ ರೆಕಾರ್ಡಿನಲ್ಲಿ ಬರೆಯುವುದಿಲ್ಲ.

ಅದಕ್ಕೇ ಈಗ ನಾನು ಕೇಳುತ್ತೇನೆ. ನಿನ್ನ ಮಶಿನ್ನು ಸೋತದ್ದು ಯಾವ ಅಡಿಕೆಗೆ? ಸಣ್ಣದಕ್ಕೋ ದೊಡ್ಡದಕ್ಕೋ? ಸರಿಯಾಗಿ ಒಣಗಿದ್ದು ಹಾಕಿದಾಗಲೂ ಬ್ಲೇಡು ಒಳಗೆ ತಾಗುತ್ತಿತ್ತಾ, ಅಥವಾ ಒಳಗೆ ಪಸೆ ಇದ್ದದ್ದಕ್ಕೆ ಮಾತ್ರವಾ? ಗಾಯವಾದ ಅಡಿಕೆಗೆ ರೇಟಿಲ್ಲ ಅಂತ ವ್ಯಾಪಾರಿ ಹೇಳಿದ ದಿನ ನೂರಕ್ಕೆ ಎಷ್ಟು ಗಾಯವಾಗಿತ್ತು? ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮೇಲೆ ಕೂತ ಹೆಂಗಸು ಅಡಿಕೆ ಕೈಗೆ ಬಂದ ತಕ್ಷಣ ಅದರ ಗಾತ್ರ ತಿಳಿದುಬಿಡುತ್ತಾಳೆ, ಒತ್ತುವ ಜೋರು ತಾನಾಗಿ ಬದಲಾಗುತ್ತದೆ. ನಿನ್ನ ಮಶಿನ್ನಿಗೆ ಆ ಕೈ ಇರಲಿಲ್ಲ, ಅಷ್ಟೇನಾ? ಅಥವಾ ಮಶಿನ್ನು ಸರಿಯೇ ಇದ್ದು ಬ್ಯಾಂಕಿನ ಕಂತು ಮೊದಲು ಬಂತಾ? ಇವೆರಡೂ ಬೇರೆ ಬೇರೆ ಮುರಿತ ಮಂಜಾ. ಎರಡಕ್ಕೂ ಒಂದೇ ಹೆಸರು ಇಟ್ಟುಕೊಂಡು ಹುಬ್ಬಳ್ಳಿಯಲ್ಲಿ ಕೂತಿದ್ದೀಯ ನೀನು.

ಇಷ್ಟು ಓದಿ 'ಸೋಲೇ ಗೆಲುವಿನ ಮೆಟ್ಟಿಲು' ಅಂತ ಬರೆಯಲು ಹೊರಟವರು ದಯವಿಟ್ಟು ಸ್ವಲ್ಪ ತಡೆಯಿರಿ. ನಮ್ಮ ಜಿಲ್ಲೆಯಲ್ಲೇ ಅದಕ್ಕೊಂದು ಉದಾಹರಣೆ ಇದೆ, ಎಲ್ಲರೂ ಅದನ್ನು ತಪ್ಪಾಗಿ ಹೇಳುತ್ತಾರೆ. 1994ರಲ್ಲಿ ಕೈಗಾ ಅಣು ವಿದ್ಯುತ್ ಸ್ಥಾವರದ ಒಂದನೇ ಘಟಕ ಇನ್ನೂ ಕಟ್ಟುವ ಹಂತದಲ್ಲಿದ್ದಾಗ ಅದರ ಗುಮ್ಮಟದ ಒಳಮೈ ಪದರ ಬಿಟ್ಟು ಕೆಳಗೆ ಬಿತ್ತು. ಕಾಂಕ್ರೀಟಿನೊಳಗಿನ ಉಕ್ಕಿನ ಕೇಬಲ್ಲುಗಳನ್ನು ಬಿಗಿಯುವ ಕೆಲಸ ಆಗ ನಡೆದಿತ್ತು. ಬಾಗಿದ ಮೈಯಲ್ಲಿ ಕೇಬಲ್ ಬಿಗಿದಾಗ ಪದರ ಸೀಳುವ ಒಂದು ಎಳೆತ ಹುಟ್ಟುತ್ತದೆ. ಅದನ್ನು ತಡೆಯಲು ಬೇಕಾದಷ್ಟು ಕಬ್ಬಿಣ ಆ ದಿಕ್ಕಿನಲ್ಲಿ ಇರಲಿಲ್ಲ. ಅದೇ ಒಂದನೇ ಘಟಕ 2016ರಿಂದ 2018ರ ಕೊನೆಯವರೆಗೆ 962 ದಿನ ಒಂದೇ ಸಮನೆ ನಡೆದು ಆಗಿನ ವಿಶ್ವದಾಖಲೆ ಮಾಡಿತು. ಆಮೇಲೆ ಕೆನಡಾದ ಡಾರ್ಲಿಂಗ್ಟನ್ ಅದನ್ನು ಮುರಿಯಿತು, ಬಿಡು. 'ನೋಡಿ, ಬಿದ್ದವನೇ ಎದ್ದ' ಅನ್ನುತ್ತಾರೆ ಭಾಷಣಕಾರರು. ಬಿದ್ದದ್ದು ಏಳಲಿಲ್ಲ ಸ್ವಾಮಿ. ಬಿದ್ದದ್ದನ್ನು ಯಾಕೆ ಬಿತ್ತು ಅಂತ ಕೂತು ಲೆಕ್ಕ ಹಾಕಿ, ಡಿಸೈನ್ ಬದಲಾಯಿಸಿ, ಇನ್ನೂ ಗಟ್ಟಿ ಕಾಂಕ್ರೀಟಿನಲ್ಲಿ ಬೇರೆ ಗುಮ್ಮಟ ಕಟ್ಟಿದರು. ವಿದ್ಯುತ್ ಬರುವಾಗ 2000ನೇ ಇಸವಿ ಆಗಿತ್ತು. ನಡುವಿನ ಆ ವರ್ಷಗಳನ್ನು ಯಾವ ಭಾಷಣಕಾರನೂ ಹೇಳುವುದಿಲ್ಲ, ಚಪ್ಪಾಳೆ ಬೀಳುವುದಿಲ್ಲವಲ್ಲ.

ಕಾಳಿ ಸೇತುವೆಯದ್ದು ಇನ್ನೊಂದು ಥರ. 2024ರ ಆಗಸ್ಟ್ 7, ನಡುರಾತ್ರಿ ಕಳೆದ ಹೊತ್ತು. ಕೋಡಿಬಾಗದಿಂದ ಸದಾಶಿವಗಡಕ್ಕೆ ಹೋಗುವ 41 ವರ್ಷದ ಹಳೆ ಸೇತುವೆ ಹೊಳೆಗೆ ಬಿತ್ತು, ಜೊತೆಗೆ ಒಂದು ಲಾರಿ. ಚಾಲಕ ಬದುಕಿದ. ಬೆಳಗಾದಾಗ ಕಾರವಾರದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: 'ನಿನ್ನೆ ಸಂಜೆ ತಾನೇ ದಾಟಿದ್ದೆ.' ನಾನೂ ಅದನ್ನೇ ಹೇಳಿಕೊಂಡು ತಿರುಗಿದೆ. ಆಮೇಲೆ ಕ್ಲಾಸಿಗೆ ಹೋಗಿ ಬೀಮಿನ ಪಾಠ ಶುರು ಮಾಡಿದೆ.

ಬೀಮಿನ ಪಾಠದಲ್ಲಿ ಒಂದು ಸಂಗತಿ ಇದೆ, ಮನೆ ಕಟ್ಟಿಸುವವರಿಗೆ ಹೇಳಿದರೆ ನಂಬುವುದಿಲ್ಲ. ಅವರು 'ಇನ್ನೆರಡು ರಾಡು ಜಾಸ್ತಿ ಹಾಕಿ, ಗಟ್ಟಿ ಇರಲಿ' ಅನ್ನುತ್ತಾರೆ. ಕಾಂಕ್ರೀಟು ಕಟ್ಟಡಗಳ ನಿಯಮ ಹೇಳುವ ನಮ್ಮ ಐಎಸ್ 456 ಕೋಡು ಅದಕ್ಕೊಂದು ಮಿತಿ ಹಾಕಿಟ್ಟಿದೆ. ಕಬ್ಬಿಣ ಮಿತಿಯಲ್ಲಿದ್ದರೆ ಭಾರ ಹೆಚ್ಚಾದಾಗ ಮೊದಲು ಕಬ್ಬಿಣ ಜಗ್ಗುತ್ತದೆ. ಬೀಮು ಬಾಗುತ್ತದೆ, ಅಡಿಯಲ್ಲಿ ಬಿರುಕು ಬಾಯಿ ಬಿಡುತ್ತದೆ, ಒಳಗಿದ್ದವರು ನೋಡಿ ಹೊರಗೆ ಓಡಬಹುದು. ಕಬ್ಬಿಣ ಜಾಸ್ತಿಯಾದರೆ ಅದು ಜಗ್ಗುವುದೇ ಇಲ್ಲ. ಕಣ್ಣಿಗೆ ಬೀಳುವಷ್ಟು ಬಾಗುವ ಮೊದಲೇ ಮೇಲಿನ ಕಾಂಕ್ರೀಟು ಪುಡಿಯಾಗಿ ಒಮ್ಮೆಲೇ ಬೀಳುತ್ತದೆ. ಅಂದರೆ ಬೀಮು ಬೀಳಬಾರದು ಅನ್ನುವುದು ಒಂದು. ಬೀಳುವುದೇ ಆದರೆ ಹೇಳಿ ಬೀಳಬೇಕು ಅನ್ನುವುದು ಇನ್ನೊಂದು.

ಇದನ್ನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುತ್ತೇನೆ. ಈ ಸಲ ಬರೆಯುವಾಗ ಕೈ ನಿಂತಿತು. ಅಪ್ಪ ಹೋದ ಮೇಲೆ ಮನೆ ಸಾಲ, ತಂಗಿಯ ಮದುವೆ, ಅಮ್ಮನ ಮೊಣಕಾಲು, ಎಲ್ಲದಕ್ಕೂ ನಾನು 'ಪರವಾಗಿಲ್ಲ, ನೋಡಿಕೊಳ್ಳುತ್ತೇನೆ' ಅಂದವನು. ಎಲ್ಲರೂ 'ಎಷ್ಟು ಗಟ್ಟಿ ಹುಡುಗ' ಅನ್ನುತ್ತಾರೆ. ಒಂದು ಬಿರುಕು ಕಾಣುವುದಿಲ್ಲ ನೋಡು.

ಅವತ್ತು ಸಂಜೆ ಪಾರ್ಕಿಂಗಿಗೆ ಹೋಗಿ ಬೈಕಿನ ಮೇಲೆ ಕೂತೆ. ಕೀ ಹಾಕಿದೆ. ಕಿಕ್ ಹೊಡೆಯಲು ಕಾಲು ಏಳಲಿಲ್ಲ. ಸುಮ್ನೆ ಕೂತೆ. ಎಲ್ಲರೂ ಹೋದರು. ಮಳೆ ಬಂತು, ನಿಂತಿತು. ಮನೆಗೆ ಹೋಗಬಾರದು ಅಂತಲೂ ಇರಲಿಲ್ಲ, ಹೋಗಬೇಕು ಅಂತಲೂ ಇರಲಿಲ್ಲ. ಒಬ್ಬ ಹುಡುಗ ಬಂದು, 'ಸರ್, ಸ್ಟಾರ್ಟ್ ಆಗ್ತಿಲ್ವಾ?' ಅಂದ. 'ಪ್ಲಗ್ ಪ್ರಾಬ್ಲಮ್ ಅನ್ನಿಸುತ್ತೆ' ಅಂದೆ. ಪಾಪ, ಬ್ಯಾಗಿನಿಂದ ಸ್ಪ್ಯಾನರ್ ತೆಗೆದ, ಪ್ಲಗ್ ಬಿಚ್ಚಿದ, ಅಂಗಿಯ ತುದಿಯಲ್ಲಿ ಒರೆಸಿದ, ಮತ್ತೆ ಹಾಕಿದ. ಒಂದೇ ಕಿಕ್ಕಿಗೆ ಸ್ಟಾರ್ಟ್. ಕೆಟ್ಟಿದ್ದರೆ ತಾನೇ! 'ಕಾರ್ಬನ್ ಕೂತಿತ್ತು ಸರ್' ಅಂದ, ಬಹಳ ಗಂಭೀರವಾಗಿ. ನಾನು ಥ್ಯಾಂಕ್ಸ್ ಹೇಳಿದೆ. ಇಂಟರ್ನಲ್ ಅಂಕ ಕೊಡುವಾಗ ಅವನ ಮುಖ ಬೇರೆ ಕಣ್ಣ ಮುಂದೆ ಬರುತ್ತದೆ.

ಅಂಥ ಸಂಜೆ ಅದೊಂದೇ ಅಲ್ಲ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಹೇಳಲು ಏನಾದರೂ ಆಗಿರಬೇಕಲ್ಲ, ಏನೂ ಆಗಿಲ್ಲ. ನೀನು ಊರಿಡೀ ನೋಡುವಂತೆ ಬಾಗಿದೆ, ಬಿರುಕು ಬಿಟ್ಟೆ, ಬೀಗ ಹಾಕಿದೆ. ಪಂಕ್ತಿಯಲ್ಲಿ ಎರಡು ಮಾತಾದರೂ ಆಯಿತು. ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು ಅಂದರೆ ನೀನು ನಗುತ್ತೀಯೋ ಬೈಯುತ್ತೀಯೋ ಗೊತ್ತಿಲ್ಲ. ಆಗಿದ್ದಂತೂ ನಿಜ.

ಅಯ್ಯೋ, ಏನೇನೋ ಬರೆದುಬಿಟ್ಟೆ. ನಿನ್ನನ್ನು ಸಮಾಧಾನ ಮಾಡಲು ಕೂತವನು ನಾನು. ಅಳಿಸೋಣ ಅಂದರೆ ಇಷ್ಟುದ್ದ ಟೈಪ್ ಮಾಡಿದ ಬೆರಳು ಒಪ್ಪುತ್ತಿಲ್ಲ. ನಮ್ಮ ಅತ್ತೆ ಇದನ್ನು ಓದಿದರೆ ನಾಳೆಯೇ ಗೋಕರ್ಣದಲ್ಲಿ ಪೂಜೆಗೆ ಬರೆಸುತ್ತಾರೆ. ಅತ್ತೆ, ನನಗೇನೂ ಆಗಿಲ್ಲ, ಪ್ಲಗ್ಗಿನಲ್ಲಿ ಕಾರ್ಬನ್ ಅಷ್ಟೇ.

ವಿಷಯಕ್ಕೆ ಬರುತ್ತೇನೆ. ಮಶಿನ್ನನ್ನು ಗುಜರಿಗೆ ಹಾಕುತ್ತೀಯಂತೆ, ಹಾಕಬೇಡ. ಮುಂದಿನ ಭಾನುವಾರ ಸಿರ್ಸಿಗೆ ಬಾ, ಶೆಡ್ಡಿನ ಬೀಗದ ಕೀ ತಗೊಂಡು ಬಾ, ಒಂದು ಚೀಲ ಒಣ ಅಡಿಕೆ ನಾನು ಹೊಂದಿಸುತ್ತೇನೆ. ಹಾಕಿ ನೋಡೋಣ, ನೂರಕ್ಕೆ ಎಷ್ಟು ಗಾಯ ಅಂತ ಎಣಿಸೋಣ. ಆಮೇಲೂ ಗುಜರಿಗೇ ಅಂತಾದರೆ ಮೋಟರು ನನಗೆ. ನಮ್ಮ ಬಾವಿಯ ಪಂಪು ಹೋಗಿದೆ. ತ್ರೀ ಫೇಸಿನದ್ದಾದರೆ ಮಾತ್ರ ಬೇಡ ಮಾರಾಯ, ನಮ್ಮನೆಯಲ್ಲಿರುವುದು ಸಿಂಗಲ್ ಫೇಸು.