ಮಾದಕವಸ್ತು ಸಂಬಂಧಿ ಆಸ್ಪತ್ರೆ ಅಂಕಿಅಂಶಗಳ ಕುರಿತು ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ಒಂದು ರಾಜ್ಯದಲ್ಲಿ ಮಾದಕವಸ್ತುಗಳ ಕಾರಣಕ್ಕೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದವರ ಮತ್ತು ಒಳರೋಗಿಗಳಾಗಿ ದಾಖಲಾದವರ ಅಂಕಿಗಳನ್ನು ಇಲ್ಲಿ ಹಂಚಿಕೊಳ್ಳುವಾಗ, ಅವು ಸಾಮಾನ್ಯವಾಗಿ ಭೇಟಿಗಳ ಎಣಿಕೆಯೇ ಹೊರತು ವ್ಯಕ್ತಿಗಳ ಎಣಿಕೆಯಲ್ಲ ಎಂಬುದನ್ನು ದಯವಿಟ್ಟು ಗಮನದಲ್ಲಿಡಿ.

ಹೆರಾಯಿನ್ ಅತಿಸೇವನೆಯಿಂದ ಉಸಿರು ಕ್ಷೀಣಿಸಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕುಗ್ಗಿದ ಸ್ಥಿತಿಯಲ್ಲಿ ರಾತ್ರಿ ಬಂದ ಯುವಕನೊಬ್ಬ ನಲೋಕ್ಸೋನ್ (ಹೆರಾಯಿನ್‌ನಂಥ ಮಾದಕಗಳ ಪರಿಣಾಮವನ್ನು ತಡೆಯುವ ಔಷಧ) ಚುಚ್ಚುಮದ್ದಿನಿಂದ ಚೇತರಿಸಿಕೊಂಡು ಬೆಳಿಗ್ಗೆ ಮನೆಗೆ ಮರಳಿದರೆ ಅದು ತುರ್ತು ಭೇಟಿಯಷ್ಟೇ. ಅದೇ ಯುವಕ ವಾರದೊಳಗೆ ಮತ್ತೆ ಬಂದು ವಾರ್ಡಿಗೆ ದಾಖಲಾದರೆ ಅದು ಬೇರೆಯೇ ಲೆಕ್ಕ. (ನಲೋಕ್ಸೋನ್ ಪರಿಣಾಮ ಸುಮಾರು 30ರಿಂದ 90 ನಿಮಿಷಗಳಲ್ಲಿ ಇಳಿಯುವುದರಿಂದ, ಎಚ್ಚರಗೊಂಡ ಕೂಡಲೇ ಅಂಥವರನ್ನು ಕಳುಹಿಸುವುದು ಅಪಾಯಕರ.) ಆಸ್ಪತ್ರೆ ತಲುಪುವ ಮೊದಲೇ ಪ್ರಾಣ ಬಿಟ್ಟವರು ಈ ಎರಡೂ ಪಟ್ಟಿಗಳಲ್ಲಿ ಕಾಣದಿರಬಹುದು, ನನ್ನನ್ನು ಹೆಚ್ಚು ಕಾಡುವುದು ಅವರೇ.

ರೋಗಗಳಿಗೆ ಸಂಕೇತ ನೀಡುವ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ವರ್ಗೀಕರಣದಲ್ಲಿ ಹೆರಾಯಿನ್‌ನಂಥ ಅಫೀಮು ವರ್ಗದವೂ ಸೇರಿದಂತೆ ಮಾದಕಗಳ ವಿಷಬಾಧೆಗೆ ಟಿ40, ಅಫೀಮು ವರ್ಗದ ಮಾದಕಗಳ ಚಟ ಮುಂತಾದ ತೊಂದರೆಗಳಿಗೆ ಎಫ್11 ಎಂಬ ಸಂಕೇತಗಳಿವೆ. ಯಾವುದನ್ನು ಎಣಿಸಲಾಗಿದೆ ಎಂಬುದರ ಮೇಲೆ ಒಟ್ಟು ಮೊತ್ತವೇ ಬದಲಾಗುತ್ತದೆ. ಆದ್ದರಿಂದ ಅಂಕಿಯೊಂದಿಗೆ ವರ್ಷ, ಸಂಕೇತ ಮತ್ತು 1 ಲಕ್ಷ ಜನಸಂಖ್ಯೆಗೆ ಇರುವ ಪ್ರಮಾಣವನ್ನು ತಪ್ಪದೆ ನಮೂದಿಸಿ. ರೋಗಿಯ ಗುರುತು ಸಿಗುವ ಯಾವ ವಿವರವನ್ನೂ ಹಾಕಬೇಡಿ.