ಮಗಳಿಗೊಂದು ಪತ್ರ: ಕಾರ್ಡಿಗೆ ಮೊದಲು ಎಸ್‌ಎಂಪಿಎಸ್

ಪುಟ್ಟಿ,

ಆಶೀರ್ವಾದಗಳು. ನಿನ್ನ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್, ಅಂದರೆ ಆಟದ ಚಿತ್ರ ಬಿಡಿಸುವ ಭಾಗ, ಕೊಳ್ಳುವ ಬಗ್ಗೆ ಗುರುವಾರ ರಾತ್ರಿ ಊಟದ ಹೊತ್ತಿನಲ್ಲಿ ಆದ ಮಾತು ಇಬ್ಬರಿಗೂ ಚೆನ್ನಾಗಿಯೇ ನೆನಪಿದೆ. ಅದನ್ನು ಇಲ್ಲಿ ಮತ್ತೆ ಎತ್ತುವುದಿಲ್ಲ. ಒಂದು ಮಾತು ಮಾತ್ರ ಇನ್ನೂ ಕುಟುಕುತ್ತಿದೆ. "ಇದರ ಗಂಧಗಾಳಿಯೂ ಗೊತ್ತಿಲ್ಲದೆ ಯಾಕಮ್ಮ ಮಾತನಾಡುತ್ತೀಯ?" ಎಂದೆಯಲ್ಲ, ಅದು. ಆಟದ ಪೆಟ್ಟಿಗೆಗೆ ಮೂವತ್ತು ಸಾವಿರ ಸುರಿಯುತ್ತೀಯಾ ಎಂದು ಚಿಕ್ಕಮ್ಮನ ಎದುರಿಗೆ ನಾನು ಕೇಳಿದ್ದು ನಿನ್ನನ್ನೂ ಹಾಗೆಯೇ ಕುಟುಕಿರಬೇಕು. ದುಡಿದ ಹಣ ನಿನ್ನದು, ಕೇಳುವ ಧಾಟಿ ಬೇರೆ ಇರಬಹುದಿತ್ತು. ಅಷ್ಟು ಸಾಕು. ಮುಂದಿನ ವಾರ ನೀನು ಹೂಡಿಯ ಬಾಡಿಗೆ ಮನೆಗೆ ಹೊರಡುತ್ತೀಯ, ಕಂಪ್ಯೂಟರೂ ನಿನ್ನ ಜೊತೆಗೇ ಹೊರಡುತ್ತದೆ. ಎದುರಿಗೆ ಕೂತರೆ ಮತ್ತೆ ಜಗಳ. ಅದಕ್ಕೇ ಈ ಕಾಗದ.

ನಿನಗೆ ಹೇಳದೆ ಎಸ್.ಪಿ. ರಸ್ತೆಗೆ ಹೋಗಿ ಬಂದೆ. ರಾಜಾಜಿನಗರದಲ್ಲಿ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದರೆ ಮುಗಿಯಿತು. ಕಾರ್ಖಾನೆಗೆ ರಿಲೇ, ಡಯೋಡು ತರಲು ಓಡಾಡಿದ ರಸ್ತೆಯೇ ಅದು. ಸಾದರ ಪತ್ರಪ್ಪ ರಸ್ತೆ ಎಂದು ಪೂರ್ತಿ ಹೆಸರು ಹೇಳಿದರೆ ಈಗ ಆಟೊದವರು ಮುಖ ನೋಡುತ್ತಾರೆ. ಅಂಗಡಿಯ ಹುಡುಗ "ಮಗನಿಗಾ ಆಂಟಿ?" ಎಂದು ಕೇಳಿದ. "ಮಗಳಿಗೆ. ಪಿಯುಸಿ ಮುಗಿಸಿದ ರಜೆಯಲ್ಲಿ ಊಟದ ಮೇಜಿನ ಮೇಲೆ ತಾನೇ ಜೋಡಿಸಿದ ಯಂತ್ರಕ್ಕೆ" ಎಂದೆ. ಹೇಳುವಾಗ ನನ್ನ ಗಂಟಲು ಎಷ್ಟು ದೊಡ್ಡದಾಗಿತ್ತೆಂದರೆ ಪಕ್ಕದ ಅಂಗಡಿಯವನೂ ತಿರುಗಿ ನೋಡಿದ. ಇದು ನಿನಗೆ ಗೊತ್ತಿರಲಿ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನ ಯಂತ್ರದಲ್ಲಿರುವುದು ರೈಜೆನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್. ಆ 1650 ತಿನ್ನುವುದು 75 ವ್ಯಾಟ್. ಮದರ್‌ಬೋರ್ಡಿನ ಸ್ಲಾಟ್ ಒಂದೇ ಅಷ್ಟನ್ನೂ ಕೊಡಬಲ್ಲದು, ಆದ್ದರಿಂದ ಅದಕ್ಕೆ ಪ್ರತ್ಯೇಕ ಕೇಬಲ್ ಬೇಕಾಗಿಯೇ ಇರಲಿಲ್ಲ. ಅಂದರೆ ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ, ಗೋಡೆಯ ಕರೆಂಟನ್ನು ಯಂತ್ರಕ್ಕೆ ತಕ್ಕ ಹಾಗೆ ಇಳಿಸಿಕೊಡುವ ಆ ಎಸ್‌ಎಂಪಿಎಸ್‌ನ ತಾಕತ್ತು ಇಷ್ಟು ವರ್ಷವಾದರೂ ಪರೀಕ್ಷೆಗೆ ಒಳಗಾಗಿಲ್ಲ. ಈಗ ನೀನು ಕಣ್ಣಿಟ್ಟಿರುವ ಆರ್‌ಟಿಎಕ್ಸ್ 5060ಕ್ಕೆ 145 ವ್ಯಾಟ್ ಬೇಕು, ಎಂಟು ಪಿನ್ನಿನ ಕೇಬಲ್ ಬೇಕು.

ನೀನು ಕಚೇರಿಗೆ ಹೋಗಿದ್ದಾಗ ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದು ನೋಡಿದೆ. (ಸ್ಕ್ರೂಗಳನ್ನು ಅದೇ ಜಾಗದಲ್ಲಿ ಹಾಕಿದ್ದೇನೆ, ಹೆದರಬೇಡ.) ಸ್ಟಿಕ್ಕರಿನ ಮೇಲೆ ದಪ್ಪಕ್ಷರದಲ್ಲಿ 450 ವ್ಯಾಟ್ ಎಂದಿದೆ. ಕೆಳಗೆ ಇರುವೆಯಂಥ ಅಕ್ಷರದಲ್ಲಿ 12 ವೋಲ್ಟಿನ ಸಾಲಿಗೆ 18 ಆಂಪಿಯರ್ ಎಂದಿದೆ. ಗುಣಿಸಿ ನೋಡು: 216 ವ್ಯಾಟ್. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಊಟ ಮಾಡುವುದು ಆ ಒಂದು ಸಾಲಿನಿಂದ. ಉಳಿದ ವ್ಯಾಟುಗಳೆಲ್ಲ 3.3 ವೋಲ್ಟ್, 5 ವೋಲ್ಟ್ ಎಂದು ನಿನ್ನ ಕೆಲಸಕ್ಕೆ ಬಾರದ ಕಡೆ ಹಂಚಿಹೋಗಿವೆ. 3600 ಪೂರ್ತಿ ದುಡಿದಾಗ 88 ವ್ಯಾಟ್, ಅದರ ಮೇಲೆ ಕಾರ್ಡಿನ 145. ಅಲ್ಲಿಗೇ 233 ಆಯಿತು. ಫ್ಯಾನು, ಡಿಸ್ಕುಗಳ ಲೆಕ್ಕ ಇನ್ನೂ ಹಿಡಿದಿಲ್ಲ. ಆ 216 ಆದರೂ ನಿಜವೇ? ಗೊತ್ತಿಲ್ಲದವರು ಬರೆದ ಸಂಖ್ಯೆಯನ್ನು ನಾನು ಸುಲಭಕ್ಕೆ ನಂಬುವುದಿಲ್ಲ.

ಯಾಕೆ ನಂಬುವುದಿಲ್ಲ ಎನ್ನುವುದನ್ನು ನಿನಗೆ ಯಾವತ್ತೂ ಹೇಳಿಲ್ಲ. ಪೀಣ್ಯದಲ್ಲಿ ನಾನು ಸ್ಟೆಬಿಲೈಸರ್ ವೈಂಡಿಂಗ್ ಮಾಡುತ್ತಿದ್ದ ಕಾಲ, ನೀನಿನ್ನೂ ಹುಟ್ಟಿರಲಿಲ್ಲ. ಒಂದು ಮಧ್ಯಾಹ್ನ ಒಬ್ಬರು ಗೋಣಿಚೀಲದಲ್ಲಿ ಫ್ರಿಜ್ಜಿನ ಸ್ಟೆಬಿಲೈಸರ್ ಒಂದನ್ನು ಹೊತ್ತು ಬಂದರು. ನಮ್ಮ ಕಾರ್ಖಾನೆಯದಲ್ಲ, ಯಾರದೋ ಮಾಲು. ಯಾರಾದರೂ ಬಿಚ್ಚಿ ತೋರಿಸಿ ಎಂದು ಒಂದೊಂದೇ ಶೆಡ್ಡಿಗೆ ಹೋಗಿ ಕೇಳುತ್ತಿದ್ದರಂತೆ. ಚೀಲ ಬಿಚ್ಚುತ್ತಿದ್ದ ಹಾಗೆ ಸುಟ್ಟ ವಾರ್ನಿಷ್ಷಿನ ವಾಸನೆ ಶೆಡ್ ತುಂಬಿತು. ನೇಮ್‌ಪ್ಲೇಟ್ ಮಾತ್ರ ಹೊಳೆಯುತ್ತಿತ್ತು, ತಾಮ್ರದ ವೈಂಡಿಂಗ್ ಎಂದು ಅದರ ಮೇಲೆ ಕೊರೆದಿತ್ತು. ಸುಡದೆ ಉಳಿದ ಒಂದು ಸುತ್ತನ್ನು ಎಳೆದು ಬ್ಲೇಡಿನಿಂದ ಕೆರೆದೆ. ಮೇಲೆ ಕೆಂಪು ಎನಾಮೆಲ್, ಒಳಗೆ ಬೆಳ್ಳಗೆ. ಅಲ್ಯೂಮಿನಿಯಂ.

ಅಲ್ಯೂಮಿನಿಯಂ ಕೆಟ್ಟ ಲೋಹವೆಂದು ನಾನು ಹೇಳುವುದಿಲ್ಲ. ರಸ್ತೆಯ ಕಂಬದಿಂದ ಕಂಬಕ್ಕೆ ಹರಿದಿರುವುದು ಅದೇ. ಆದರೆ ತಾಮ್ರ ಒಯ್ಯುವ ಕರೆಂಟಿನಲ್ಲಿ ಅದು ಒಯ್ಯುವುದು ಸುಮಾರು ಶೇ 61ರಷ್ಟು. ಅದಕ್ಕೆ ತಕ್ಕ ಹಾಗೆ ತಂತಿಯನ್ನು ದಪ್ಪ ಮಾಡಬೇಕು. ಇವರು ತಂತಿಯನ್ನು ತಾಮ್ರದಷ್ಟೇ ತೆಳ್ಳಗೆ ಇಟ್ಟು ಹೆಸರನ್ನು ಮಾತ್ರ ತಾಮ್ರದ್ದು ಇಟ್ಟಿದ್ದರು. ಆ ಮನುಷ್ಯ ನನ್ನ ಕೈಯಲ್ಲಿದ್ದ ತಂತಿಯನ್ನು ಬಹಳ ಹೊತ್ತು ನೋಡಿದರು. "ಅಂದರೆ ಮೇಲೆ ಬರೆದದ್ದು ಸುಳ್ಳಾ ಅಮ್ಮ?" ಎಂದರು. ಫ್ರಿಜ್ ಹಿಂದಿನ ಪರದೆ ಹೊತ್ತಿಕೊಂಡಿತ್ತಂತೆ. ಗೋಡೆಯ ಆಚೆ ಮಗಳು ಮಲಗಿದ್ದಳಂತೆ. ಅವಳಿಗೆ ಏನೂ ಆಗಲಿಲ್ಲ, ಹೊಗೆಗೆ ಕೆಮ್ಮಿ ಎದ್ದಳು ಎಂದರು. ನಾನು ಏನೂ ಹೇಳಲಿಲ್ಲ. ಹೇಳುವುದಕ್ಕೆ ಏನಿತ್ತು?

ಆಮೇಲೆ ಯಾವ ಪೆಟ್ಟಿಗೆ ಮನೆಗೆ ಬಂದರೂ ನಾನು ಮೊದಲು ಎತ್ತಿ ಭಾರ ನೋಡುತ್ತೇನೆ. ಮಿಕ್ಸಿ ತಂದಾಗ ನೀನು ನಕ್ಕಿದ್ದೆ. ಅಗ್ಗದ ಎಸ್‌ಎಂಪಿಎಸ್ ಎತ್ತಿದರೆ ಖಾಲಿ ಡಬ್ಬಿಯ ಹಾಗಿರುತ್ತದೆ. ಆದರೂ ಭಾರವೊಂದನ್ನೇ ನಂಬಬೇಡ, ಒಳಗೆ ಕಬ್ಬಿಣದ ತುಂಡು ಅಂಟಿಸಿ ಮಾರುವವರೂ ಇದ್ದಾರೆ. ಹೆಸರುಳ್ಳ ಕಂಪನಿಯ 550 ವ್ಯಾಟಿನದನ್ನು ತೆಗೆದುಕೊ. 12 ವೋಲ್ಟಿನ ಸಾಲಿನಲ್ಲಿ 40 ಆಂಪಿಯರಿಗೂ ಮೇಲೆ ಇರಲಿ, ಬಿಐಎಸ್ ನೋಂದಣಿ ಸಂಖ್ಯೆ ಇರಲಿ, ಐದು ವರ್ಷದ ವಾರಂಟಿ ಇರಲಿ. '80 ಪ್ಲಸ್' ಎಂಬ ಮುದ್ರೆ ನೋಡಿ ನಿಶ್ಚಿಂತಳಾಗಬೇಡ. ಅದು ಎಷ್ಟು ಕರೆಂಟು ಶಾಖವಾಗಿ ಪೋಲಾಗುತ್ತದೆ ಎಂಬುದನ್ನು ಹೇಳುತ್ತದೆಯೇ ಹೊರತು, ಶಾರ್ಟ್ ಆದಾಗ ತಾನಾಗಿ ಬಂದ್ ಆಗುತ್ತದೆಯೇ ಎಂಬುದನ್ನಲ್ಲ. ಹಳೆಯ ಎಸ್‌ಎಂಪಿಎಸ್ ಉಳಿಸಿಕೊಂಡು, ಡಿಸ್ಕಿನ ಕೇಬಲ್ಲಿನಿಂದ ಎಂಟು ಪಿನ್ನಿಗೆ ಅಡಾಪ್ಟರ್ ಹಾಕಿಕೊಡುತ್ತೇನೆ ಎಂದು ಅಂಗಡಿಯ ಹುಡುಗ ಬಹಳ ಪ್ರೀತಿಯಿಂದ ಹೇಳಿದ. ಆ ಅಡಾಪ್ಟರ್ ನಿನ್ನ ಮನೆಗೆ ಬರಕೂಡದು.

ಇನ್ನು ಕಾರ್ಡು. 5060ಕ್ಕೆ ಅಮೆರಿಕದಲ್ಲಿ ಇಟ್ಟ ಬೆಲೆ 299 ಡಾಲರ್. ಡಾಲರಿಗೆ 85 ರೂಪಾಯಿ ಎಂದು ಕಡಿಮೆಯೇ ಹಿಡಿದರೂ 25,415. ಶೇ 18 ಜಿಎಸ್‌ಟಿ ಸೇರಿಸಿದರೆ ನಿನ್ನ ಮೂವತ್ತು ಸಾವಿರದಲ್ಲಿ ಉಳಿಯುವುದು ಹತ್ತು ರೂಪಾಯಿ. ಹತ್ತು ರೂಪಾಯಿಗೆ ಎಸ್‌ಎಂಪಿಎಸ್ ಬರುವುದಿಲ್ಲ.

ಹಣದ ಮಾತು ಬಿಡು. ಆ ಕಾರ್ಡಿಗಿರುವುದು 8 ಜಿಬಿ ಮೆಮೊರಿ, ಮತ್ತು ಅದು ಮದರ್‌ಬೋರ್ಡಿನೊಂದಿಗೆ ಮಾತನಾಡುವುದು ಎಂಟೇ ಲೇನ್‌ಗಳಲ್ಲಿ, ಅಂದರೆ ಮಾಹಿತಿ ಹಾಯುವ ಎಂಟೇ ದಾರಿಗಳಲ್ಲಿ. ಹೊಸ ಮದರ್‌ಬೋರ್ಡಿನಲ್ಲಿ ಅದು ತೊಂದರೆಯಲ್ಲ. ಕಾರ್ಡು ಕೂರುವ ಸ್ಲಾಟಿನ ಸಂಪರ್ಕಕ್ಕೆ ಪಿಸಿಐಇ ಎನ್ನುತ್ತಾರೆ, ನಿನ್ನ ಬಿ450ರದು ಅದರ ಮೂರನೆಯ ತಲೆಮಾರು. ಎಂಟು ಲೇನಿನಲ್ಲಿ ಸೆಕೆಂಡಿಗೆ ಸುಮಾರು 8 ಜಿಬಿಯಷ್ಟೇ ಹಾಯುತ್ತದೆ. ಆಟದ ಚಿತ್ರಗಳೆಲ್ಲ ಕಾರ್ಡಿನ ಮೆಮೊರಿಯಲ್ಲಿ ಹಿಡಿಸುವವರೆಗೆ ನಿನಗೆ ಇದು ಹೆಚ್ಚುಕಡಿಮೆ ಗೊತ್ತೇ ಆಗುವುದಿಲ್ಲ. ತುಂಬಿ ಹೊರಚೆಲ್ಲಿದರೆ, ಚೆಲ್ಲಿದ್ದನ್ನು ರ್‍ಯಾಮಿನಿಂದ ಆ ಕಿರಿದಾದ ದಾರಿಯಲ್ಲೇ ಎಳೆದು ತರಬೇಕು. ಆಗ ಆಟ ತಡವರಿಸುತ್ತದೆ. ಟೆಕ್ಸ್ಚರ್, ಅಂದರೆ ಚಿತ್ರದ ನಯ, ಒಂದು ಮೆಟ್ಟಿಲು ಇಳಿಸಿದರೆ ಸರಿಹೋಗುತ್ತದೆ ಎನ್ನುತ್ತೀಯ, ನಿಜ. ಆದರೆ ಹೊಸ ಕಾರ್ಡ್ ತಂದ ವಾರವೇ ಸೆಟ್ಟಿಂಗ್ ಇಳಿಸಲು ನಿನ್ನಿಂದಾದೀತೇ?

ನನ್ನ ಒಲವು ಆರ್‌ಟಿಎಕ್ಸ್ 3060ರ ಕಡೆಗೆ, ಹೊಸದು ಸಿಕ್ಕರೆ. 2021ರ ಸರಕು, 5060ರಷ್ಟು ವೇಗವಿಲ್ಲ, ನಡುವೆ ಚಿತ್ರಗಳನ್ನು ತಾನೇ ಹುಟ್ಟಿಸುವ ಎನ್ವಿಡಿಯಾದ ಫ್ರೇಮ್ ಜನರೇಷನ್ ಇಲ್ಲ, 170 ವ್ಯಾಟ್ ತಿನ್ನುತ್ತದೆ. ಮೂಗು ಮುರಿಯಬೇಡ. 12 ಜಿಬಿ ಇದೆ, ಹದಿನಾರು ಲೇನ್ ಇದೆ, ನಿನ್ನ 1650ರ ಎರಡು ಪಟ್ಟಿಗೂ ಹೆಚ್ಚು ದುಡಿಯುತ್ತದೆ. ನಿನ್ನ ಮಾನಿಟರ್ ಇನ್ನೂ 60 ಹರ್ಟ್ಸ್‌ನದು. ಸೆಕೆಂಡಿಗೆ ನೂರಿಪ್ಪತ್ತು ಚಿತ್ರ ಬರೆದು ಕೊಟ್ಟರೂ ಅದು ತೋರಿಸುವುದು ಅರುವತ್ತನ್ನೇ. ಆದರೆ ಇಲ್ಲೂ ಹೆಸರಿನ ಮೋಸವಿದೆ: 3060 ಎಂಬ ಅದೇ ಹೆಸರಿನಲ್ಲಿ 8 ಜಿಬಿಯ ಇನ್ನೊಂದನ್ನು 2022ರಲ್ಲಿ ಬಿಟ್ಟರು. ಅದರ ಮೆಮೊರಿಯ ದಾರಿ 192 ಬಿಟ್‌ನಿಂದ 128 ಬಿಟ್‌ಗೆ ಇಳಿದಿದೆ. ಹೊರಗಿನ ಡಬ್ಬಿ ಒಂದೇ ಬಣ್ಣ, ಒಂದೇ ಅಂಕಿ. ಅಂಗಡಿಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟಿದ್ದರು, ನನಗೆ ಆ ಗೋಣಿಚೀಲದವರ ಮುಖ ಕಣ್ಣಿಗೆ ಬಂತು. ಇಲ್ಲಿ ಯಾರೂ ಸುಳ್ಳು ಬರೆದಿಲ್ಲ, ಅದು ನನಗೂ ಗೊತ್ತು. 8 ಜಿಬಿ ಎಂದು ಮೂಲೆಯಲ್ಲಿ ಮುದ್ರಿಸಿದ್ದಾರೆ. ಆದರೂ ಕಣ್ಣಿಗೆ ಬಂತು.

ಇಂಟೆಲ್‌ನ ಬಿ580 ಕಾರ್ಡು ಕೂಡ 12 ಜಿಬಿಯದು, ಅಗ್ಗ. ಆದರೆ ಅದು ಪ್ರೊಸೆಸರಿನ ಮೇಲೆ ಹೆಚ್ಚು ಭಾರ ಹೇರುತ್ತದೆ, 3600ರಂಥ ಹಳೆಯದರ ಜೊತೆ ಸೊರಗುತ್ತದೆ. ಬೇಡ. ಎಎಂಡಿಯ 9060 ಎಕ್ಸ್‌ಟಿ, 16 ಜಿಬಿಯದು, ಇವೆಲ್ಲದಕ್ಕಿಂತ ಒಳ್ಳೆಯದು. ಹದಿನಾರು ಲೇನೂ ಇದೆ. ನಿನ್ನ ಮಿತಿಗೆ ಮೀರಿದ್ದು. ನಾಲ್ಕು ತಿಂಗಳು ತಡೆದುಕೊಳ್ಳುತ್ತೀಯಾದರೆ ಅದನ್ನೇ ಕೊಳ್ಳು, ಆಗ ನಾನು ಬಾಯಿ ತೆರೆಯುವುದಿಲ್ಲ. ತಡೆದುಕೊಳ್ಳುವವಳಲ್ಲ ನೀನು, ಅದು ಬೇರೆ ಮಾತು.

ಸೆಕೆಂಡ್ ಹ್ಯಾಂಡ್ ಬಗ್ಗೆ ಕೇಳಿದ್ದೆ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಡಿಜಿಟಲ್ ನಾಣ್ಯವನ್ನು ಗ್ರಾಫಿಕ್ಸ್ ಕಾರ್ಡುಗಳಿಂದ ಗಳಿಸುವ ಗಣಿಗಾರಿಕೆ ನಿಂತ ಮೇಲೆ ಹಗಲು ರಾತ್ರಿ ದುಡಿದ ಕಾರ್ಡುಗಳು ಮಾರುಕಟ್ಟೆಗೆ ಬಂದವು. ಅವುಗಳಲ್ಲಿ ಕೆಲವು ಈಗಲೂ ಕೈಯಿಂದ ಕೈಗೆ ಸುತ್ತುತ್ತಿವೆ. ಬಿಲ್ಲು, ಉಳಿದ ವಾರಂಟಿ ಎರಡೂ ಇಲ್ಲದ್ದನ್ನು ಮುಟ್ಟಬೇಡ. ಮುಟ್ಟಲೇಬೇಕಾದರೆ ಕಾರ್ಡಿನ ಗುರುತು ಓದುವ ಜಿಪಿಯು-ಝಡ್ ತಂತ್ರಾಂಶ ಹಾಕಿ ನೋಡು. ಹಳೆಯ ಕಾರ್ಡಿಗೆ ಹೊಸ ಕಾರ್ಡಿನ ಬಯಾಸ್, ಅಂದರೆ ಒಳಗಿನ ಮೂಲ ತಂತ್ರಾಂಶ, ತುಂಬಿ ಹೆಸರು ಬದಲಿಸಿ ಮಾರುವವರನ್ನು ಅದು ಎಷ್ಟೋ ಸಲ ಹಿಡಿದುಕೊಡುತ್ತದೆ. ಕೆಂಪು ಎನಾಮೆಲ್ ಬಳಿಯುವ ಜನ ಎಲ್ಲ ಕಾಲಕ್ಕೂ ಇರುತ್ತಾರೆ.

ಆ ಮಗುವಿನ ವಿಷಯ ಮತ್ತೆ ಬರೆಯುವುದಿಲ್ಲ ಎಂದುಕೊಂಡಿದ್ದೆ. ಗೋಡೆಯ ಆಚೆ ಯಾರೋ ಇದ್ದರು, ಅದಕ್ಕೇ ಎಚ್ಚರವಾಯಿತು. ಹೂಡಿಯ ಮನೆಯಲ್ಲಿ ಗೋಡೆಯ ಆಚೆ ಯಾರಿದ್ದಾರೆ? ಮನೆ ನೋಡಲು ಬಂದ ದಿನ ನೀನು ಬಾಲ್ಕನಿ ನೋಡಿದೆ, ನಾನು ಸಾಕೆಟ್ ನೋಡಿದೆ. ಮೇಜಿನ ಬಳಿ ಇರುವುದು 6 ಆಂಪಿಯರಿನ ಒಂದೇ ಸಾಕೆಟ್. ಕಂಪ್ಯೂಟರಿಗೆ ಅದು ಧಾರಾಳ. ಅದೇ ಎಕ್ಸ್‌ಟೆನ್ಷನ್ ಪೆಟ್ಟಿಗೆಗೆ ಇಸ್ತ್ರಿಪೆಟ್ಟಿಗೆ, ಇಂಡಕ್ಷನ್ ಒಲೆ ಸಿಕ್ಕಿಸಿದರೆ ಧಾರಾಳವಲ್ಲ. ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕರೆಸಿ ನೋಡಿಸು, ಮಾಲೀಕರ ಮಾತು ಕೇಳಿ ಸುಮ್ಮನಾಗಬೇಡ. ಕ್ಯಾಬಿನೆಟ್ಟನ್ನು ಪರದೆಗೆ ತಾಗಿಸಿ ಇಡಬೇಡ. ರಾತ್ರಿ ಎರಡರವರೆಗೆ ಆಡಿ ಬೆಳಿಗ್ಗೆ ತಿಂಡಿ ಬಿಟ್ಟು ಕಚೇರಿಗೆ ಓಡಬೇಡ. ಸಿಮ್ಮಿನಲ್ಲಿ ಹಾಲಿಟ್ಟು ಮರೆಯಬೇಡ. ಸರಿ, ಇದು ಕಾರ್ಡಿನ ವಿಷಯವಲ್ಲ, ಗೊತ್ತು.

ಕೊಳ್ಳುವ ಮುಂಚೆ ಕ್ಯಾಬಿನೆಟ್ಟಿನ ಒಳಗಿನ ಉದ್ದ ಅಳೆ. ಮೂರು ಫ್ಯಾನಿನ ಕಾರ್ಡುಗಳಲ್ಲಿ ಎಷ್ಟೋ 300 ಮಿಲಿಮೀಟರ್ ದಾಟುತ್ತವೆ. ನಿನ್ನದರಲ್ಲಿ ಎರಡು ಫ್ಯಾನಿನದೇ ಸರಿ. ಪ್ರೊಸೆಸರ್ ಸದ್ಯಕ್ಕೆ ಇರಲಿ. ಮದರ್‌ಬೋರ್ಡಿನ ಬಯಾಸ್ ಹೊಸದು ಮಾಡಿದರೆ ಇದೇ ಬೋರ್ಡಿನಲ್ಲಿ ರೈಜೆನ್ 5 5600 ಪ್ರೊಸೆಸರ್ ಕೂರುತ್ತದೆ, ಮುಂದೆ ನೋಡಿಕೊಳ್ಳಬಹುದು.

ಎಸ್‌ಎಂಪಿಎಸ್ ಹಣ ನಾನು ಕೊಡುತ್ತೇನೆ. ಬೇಡ ಎನ್ನುತ್ತೀಯೆಂದು ಗೊತ್ತು, ಆದರೂ ಕೊಡುತ್ತೇನೆ. ಕಾರ್ಡು ಯಾವುದೆಂಬುದು ನಿನ್ನ ತೀರ್ಮಾನ. 5060ನ್ನೇ ತಂದರೂ ನಾನು ಚಿಕ್ಕಮ್ಮನ ಎದುರು ಏನೂ ಅನ್ನುವುದಿಲ್ಲ.

ಭಾನುವಾರ ಎಸ್.ಪಿ. ರಸ್ತೆಯಲ್ಲಿ ಬಹಳ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಹೋಗು. ನಾನೂ ಬರಲೇ ಎಂದರೆ ಬೇಡ ಎನ್ನುವೆ. ಬರಲಿ ಎನಿಸಿದರೆ ಶುಕ್ರವಾರ ರಾತ್ರಿಯೇ ಹೇಳು, ಮೊಣಕಾಲಿನ ಮಾತ್ರೆ ತೆಗೆದುಕೊಂಡು ಮಲಗುತ್ತೇನೆ. ಬಿಲ್ಲಿನಲ್ಲಿ ಸೀರಿಯಲ್ ಸಂಖ್ಯೆ ಬರೆಸಿಕೊಳ್ಳುವುದನ್ನು ಮರೆಯಬೇಡ. ಡಬ್ಬಿಯ ಮೇಲಿನ ಸಂಖ್ಯೆಯಲ್ಲ, ಕಾರ್ಡಿನ ಹಿಂಭಾಗದಲ್ಲಿ ಅಂಟಿಸಿರುವ ಸಂಖ್ಯೆ.

ಅಮ್ಮ